ಮಳೆಯ ನಾಡಿನ ಬಾಳುವೆ



ಭೂಗೋಳದ ಪಾಠವೆಂದರೆ ದೂರದೇಶಗಳ ರಾಜಧಾನಿಗಳನ್ನೂ ನದಿಗಳ ಉದ್ದವನ್ನೂ ಬಾಯಿಪಾಠ ಮಾಡುವದೆಂದು ಅನೇಕರು ಎಣಿಸಿರುವರು. ಆದರೆ ಕೊಡಗಿನ ಹುಡುಗಿಯು ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳನ್ನು ಎದೆಗವಚಿಕೊಂಡು, ಗಾಳಿಗೆ ಮಗುಚಿಕೊಳ್ಳುವ ಕೊಡೆಯೊಡನೆ ಹೋರಾಡುತ್ತ ಶಾಲೆಯ ಮೆಟ್ಟಿಲನ್ನು ಹತ್ತುವಾಗಲೇ ಭೂಗೋಳದ ಪಾಠವು ಅವಳ ನೆತ್ತಿಯ ಮೇಲೆ ಆರಂಭವಾಗಿರುವದು. ಒದ್ದೆಯಾದ ಲಂಗದ ಅಂಚು, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಎರಡು ದಿನವಾದರೂ ಒಣಗದ ಬಟ್ಟೆ, ಬೂಷ್ಟು ಹಿಡಿದ ಪುಸ್ತಕದ ಹೊದಿಕೆ, ಇವೆಲ್ಲವೂ ಆ ಪಾಠದ ಪುಟಗಳೇ ಸರಿ.

"ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂಬದು ಕನ್ನಡ ನಾಡಿನ ಹಳೆಯ ಗಾದೆ. ಬಾನಿನ ಕಡೆಗೆ ಕಣ್ಣಿಟ್ಟು ಕಾದು ಕುಳಿತ ಬಯಲುಸೀಮೆಯ ಒಕ್ಕಲಿಗನ ಬಾಯಿಂದ ಹೊರಟ ಮಾತಿದು. ಮಲೆಯ ನಾಡಿನವರಾದ ನಾವು ಈ ಗಾದೆಯನ್ನು ಎಷ್ಟು ಮಟ್ಟಿಗೆ ಒಪ್ಪಬಹುದು? ಮಳೆಯು ನಮ್ಮ ಮನೆಯನ್ನೂ ಊಟವನ್ನೂ ಕೆಲಸವನ್ನೂ ಚರಿತ್ರೆಯನ್ನೂ ಹೇಗೆ ರೂಪಿಸಿತು? ಅದು ಯಾವಾಗ ಕೇಡಾಗುವದು? ಈ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ವಿಚಾರಿಸೋಣ.

೧. ಮಳೆಯು ಎಲ್ಲಿಂದ ಬರುವದು?

ಬೇಸಗೆಯಲ್ಲಿ ಏಷ್ಯಾ ಖಂಡದ ನೆಲವು ಸಮುದ್ರಕ್ಕಿಂತ ಬೇಗನೆ ಕಾಯುವದು. ಕಾದ ನೆಲದ ಮೇಲಣ ಗಾಳಿಯು ಹಗುರಾಗಿ ಮೇಲಕ್ಕೇರಲು, ಅದರ ಸ್ಥಳವನ್ನು ತುಂಬುವದಕ್ಕೆ ಸಮುದ್ರದ ಮೇಲಿನಿಂದ ನೀರಾವಿಯನ್ನು ಹೊತ್ತ ಗಾಳಿಯು ಬೀಸತೊಡಗುವದು. ಇಂಗ್ಲೆಂಡಿನ ಜ್ಯೋತಿಶ್ಶಾಸ್ತ್ರಜ್ಞನಾದ ಎಡ್ಮಂಡ್ ಹ್ಯಾಲಿ ಎಂಬವನು ೧೬೮೬ರಷ್ಟು ಹಿಂದೆಯೇ ಈ ಮಾರುತಗಳಿಗೆ ಸೂರ್ಯನ ಶಾಖವೇ ಕಾರಣವೆಂದು ಬರೆದನು. ಅವನ ತರುವಾಯ ಬಂದ ಶಾಸ್ತ್ರಜ್ಞರು ಭೂಮಿಯ ತಿರುಗುವಿಕೆಯನ್ನೂ ಮೇಲಣ ವಾಯುಪ್ರವಾಹಗಳನ್ನೂ ಲೆಕ್ಕಕ್ಕೆ ಸೇರಿಸಿ ಆ ವಿವರಣೆಯನ್ನು ತಿದ್ದಿ ಪೂರ್ಣಗೊಳಿಸಿದರು. "ಮಾನ್ಸೂನ್" ಎಂಬ ಹೆಸರಾದರೋ ಋತುವೆಂಬ ಅರ್ಥವುಳ್ಳ ಅರಬ್ಬೀ ಶಬ್ದದಿಂದ ಹುಟ್ಟಿದ್ದು; ಯಾಕಂದರೆ ಅರಬ್ಬೀ ನಾವಿಕರು ಈ ಗಾಳಿಯ ಸಮಯವನ್ನು ನೋಡಿಯೇ ನಮ್ಮ ಪಡುವಣ ಕರಾವಳಿಗೆ ಹಡಗು ನಡಿಸುತ್ತಿದ್ದರು.

ಈ ನೈಋತ್ಯ ಮಾರುತವು ಜೂನ್ ತಿಂಗಳ ಮೊದಲ ದಿನಗಳಲ್ಲಿ ಮಲೆಯಾಳ ಸೀಮೆಯನ್ನು ಮುಟ್ಟಿ, ಸ್ವಲ್ಪವೇ ದಿವಸಗಳಲ್ಲಿ ಕೊಡಗಿನ ಪಶ್ಚಿಮ ಘಟ್ಟಗಳಿಗೆ ಬಂದು ತಾಗುವದು. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ ಮುಂತಾದ ಬೆಟ್ಟಗಳು ಅದಕ್ಕೆ ಅಡ್ಡಗೋಡೆಯಂತೆ ನಿಂತಿರುವದರಿಂದ ಗಾಳಿಯು ಮೇಲಕ್ಕೆ ಏರಲೇಬೇಕು. ಮೇಲಕ್ಕೆ ಹೋದಂತೆ ಅದು ತಣ್ಣಗಾಗುವದು. ತಣ್ಣಗಾದ ಗಾಳಿಯು ತನ್ನ ನೀರಾವಿಯನ್ನು ಹಿಡಿದಿಡಲಾರದೆ ಮಳೆಯಾಗಿ ಸುರಿಸಿಬಿಡುವದು. ಬೆಟ್ಟಗಳನ್ನು ದಾಟಿ ಮೂಡಲಿಗೆ ಇಳಿಯುವಷ್ಟರಲ್ಲಿ ಅದರ ಚೀಲವು ಬಹುಮಟ್ಟಿಗೆ ಬರಿದಾಗಿರುವದು.

ಇದರ ಫಲವನ್ನು ನೋಡಿರಿ. ಭಾಗಮಂಡಲದಲ್ಲಿ ವರ್ಷಕ್ಕೆ ೨೦೦ ಅಂಗುಲಗಳಿಗೂ ಮಿಕ್ಕಿ ಮಳೆಯಾಗುವದು. ಮಡಿಕೇರಿಯಲ್ಲಿ ಸುಮಾರು ೧೨೦ರಿಂದ ೧೩೦ ಅಂಗುಲ. ಕುಶಾಲನಗರದಲ್ಲಿಯಾದರೋ ೪೦ ಅಂಗುಲಗಳ ಆಸುಪಾಸು ಮಾತ್ರ. ಭಾಗಮಂಡಲದಿಂದ ಕುಶಾಲನಗರಕ್ಕೆ ಹಕ್ಕಿಯು ಹಾರುವ ನೇರದಲ್ಲಿ ಅಳೆದರೆ ೩೦ ಮೈಲಿಗೆ ಹೆಚ್ಚಿಲ್ಲ. ಈ ೩೦ ಮೈಲಿಯೊಳಗೆ ಹಗಲಲ್ಲಿಯೂ ಕತ್ತಲೆ ಕವಿಯುವ ಮಳೆಕಾಡು, ಅದರಾಚೆಗೆ ಕಾಫಿ ತೋಟ ಮತ್ತು ಗದ್ದೆ, ಅದರಾಚೆಗೆ ಬಿದಿರು ಮತ್ತು ತೇಗದ ಒಣಕಾಡು, ಕಡೆಯಲ್ಲಿ ಮೈಸೂರಿನ ಮೈದಾನವನ್ನು ಹೋಲುವ ಹೊಲ, ಇಷ್ಟು ಬಗೆಯ ನಾಡುಗಳು ಅಡಕವಾಗಿರುವವು. ಒಂದು ಜಿಲ್ಲೆಯಲ್ಲಿಯೇ ಹಲವು ಹವಾಗುಣಗಳುಂಟೆಂದು ಹೇಳಿದರೆ ತಪ್ಪಲ್ಲ.

ಈ ನಾಡನ್ನು ಮೊದಲು ಶಾಸ್ತ್ರರೀತಿಯಿಂದ ವರ್ಣಿಸಿದವರಲ್ಲಿ ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದ ಬಾಸೆಲ್ ಮಿಶನಿನ ರಿಕ್ಟರ್ ಅವರು ಒಬ್ಬರು. ೧೮೭೦ರಲ್ಲಿ ಮಂಗಳೂರಿನಿಂದ ಹೊರಟ ಅವರ ಕೊಡಗಿನ ಕೈಪಿಡಿಯಲ್ಲಿ ಬೆಟ್ಟ ಹೊಳೆಗಳೂ ಹವಾಗುಣವೂ ಗಿಡಮರಗಳೂ ಜನರ ನಡೆನುಡಿಗಳೂ ಒಂದೇ ಕಟ್ಟಿನೊಳಗೆ ಬಂದಿರುವವು. ಇವುಗಳನ್ನು ಒಂದನ್ನು ಬಿಟ್ಟು ಒಂದನ್ನು ತಿಳಿಯುವದು ಕೊಡಗಿನಲ್ಲಿ ಸಾಧ್ಯವಿಲ್ಲ.

೨. ಮನೆ, ಊಟ, ಹಬ್ಬ

ನಮ್ಮ ಹಿರಿಯರು ಹವಾಗುಣದ ಪುಸ್ತಕವನ್ನು ಓದಿದವರಲ್ಲ. ಆದರೆ ಅವರ ಬಾಳುವೆಯೇ ಅದಕ್ಕೆ ಉತ್ತರವಾಗಿತ್ತು. ಕೊಡವರ ಐನ್‌ಮನೆಯು ಗದ್ದೆಯ ಬಯಲಿಗಿಂತ ಮೇಲೆ, ನೀರು ನಿಲ್ಲದ ಜಾಗದಲ್ಲಿ ಇರುವದು. ಇಳಿಜಾರಾದ ಮಾಡಿನ ಮುಂದಕ್ಕೆ ಚಾಚಿದ ಸೂರು ಗೋಡೆಗಳನ್ನು ಕಾಯುವದು. ಕೈಯಾಲೆಯೆಂಬ ಮುಂಜಗಲಿಯು ಮಳೆಗಾಲದಲ್ಲಿ ಹೊರಗಿನ ಕೆಲಸಕ್ಕೂ ನೆಂಟರ ಮಾತುಕತೆಗೂ ಒದಗುವದು. ಒಲೆಯ ಮೇಲಣ ಅಟ್ಟದ ಹೊಗೆಯಲ್ಲಿ ತಿಂಗಳುಗಟ್ಟಲೆ ಬೇಕಾದ ಪದಾರ್ಥಗಳು ಕೆಡದೆ ಉಳಿಯುವವು. ಸೌದೆಯನ್ನು ಬೇಸಗೆಯಲ್ಲಿಯೇ ಕೂಡಿಸಿಡದ ಮನೆಯಾಕೆಗೆ ಜುಲೈ ತಿಂಗಳಲ್ಲಿ ಒಲೆಯೂದಿ ಕಣ್ಣೀರಿಡುವದೇ ಗತಿ.

ಜುಲೈ ತಿಂಗಳ ನಡುವಿನಿಂದ ಆಗಸ್ಟ್ ತಿಂಗಳ ನಡುವಿನ ವರೆಗೆ ಕಕ್ಕಡ ಮಾಸ. ಆಗ ಗದ್ದೆಯಲ್ಲಿ ನಾಟಿಯ ಕೆಲಸ ಹೆಚ್ಚು, ಬಿಸಿಲು ಕಡಿಮೆ, ಚಳಿ ಬಹಳ. ಮದುವೆ ಮುಂತಾದ ಮಂಗಲಕಾರ್ಯಗಳನ್ನು ಆ ತಿಂಗಳಲ್ಲಿ ನಡಿಸುವ ವಾಡಿಕೆಯಿಲ್ಲ. ದಾರಿಯೇ ತೋಡಾಗುವ ಕಾಲದಲ್ಲಿ ನೆಂಟರನ್ನು ಕರೆಯುವದಾದರೂ ಹೇಗೆ? ಆ ದಿನಗಳ ಊಟವೂ ಮಳೆಯೇ ಬಡಿಸಿದ ಊಟ: ಬಿದಿರು ಮೆಳೆಯಲ್ಲಿ ಹೊಸದಾಗಿ ಮೂಡಿದ ಕಣಿಲೆ, ಕಾಡಿನ ಅಣಬೆ, ಕೆಸುವಿನ ಎಲೆ, ಗದ್ದೆಯ ಏಡಿ, ಬೇಸಗೆಯಲ್ಲಿ ಕೂಡಿಸಿಟ್ಟ ಹಲಸಿನ ಬೀಜ. ಕಕ್ಕಡದ ೧೮ನೆಯ ದಿನ, ಅಂದರೆ ಆಗಸ್ಟ್ ೩ರ ಸುಮಾರಿಗೆ, ಮದ್ದುಸೊಪ್ಪಿನ ರಸದಲ್ಲಿ ಅಕ್ಕಿಯನ್ನು ಬೇಯಿಸಿ ನೇರಳೆ ಬಣ್ಣದ ಪಾಯಸವನ್ನು ಉಣ್ಣುವರು. ಆ ಸೊಪ್ಪಿನಲ್ಲಿ ಅಂದು ೧೮ ಬಗೆಯ ಔಷಧಗುಣಗಳು ಕೂಡಿರುವವೆಂದು ಹಿರಿಯರ ನಂಬಿಕೆ.

ಗದ್ದೆಯಲ್ಲಿ ಹೆಂಗಸರು ಬೆನ್ನಿನ ಮೇಲೆ ಗೊರಬನ್ನು ಹೊತ್ತು ಬಾಗಿ ಸಸಿಗಳನ್ನು ನೆಡುತ್ತಿದ್ದರು. ಬಿದಿರಿನ ಕಡ್ಡಿ ಮತ್ತು ಎಲೆಗಳಿಂದ ಹೆಣೆದ ಈ ಹೊದಿಕೆಯು ಎರಡು ಕೈಗಳನ್ನೂ ಕೆಲಸಕ್ಕೆ ಬಿಡುವದು, ಕೊಡೆಯಿಂದ ಅದಾಗದು. ಈಗ ಅದರ ಸ್ಥಳವನ್ನು ಪ್ಲಾಸ್ಟಿಕ್ ಹಾಳೆಯು ಹಿಡಿದಿದೆ. ನಾಟಿಯು ಮುಗಿದ ಮೇಲೆ ಎಲ್ಲಕ್ಕೂ ದೊಡ್ಡ ಗದ್ದೆಯ ಕೆಸರಿನಲ್ಲಿ ಗಂಡಸರು ಓಡುವ ನಾಟಿ ಓಟವೆಂಬ ಪಂದ್ಯವುಂಟು. ವಾರಗಟ್ಟಲೆ ಬಾಗಿದ ಬೆನ್ನುಗಳ ದಣಿವನ್ನು ನಗುವಿನಿಂದ ಕಳೆಯುವ ಉಪಾಯವಿದು.

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು, ನಾಟಿಯ ಕಾಲದಲ್ಲಿ ಮೂಲೆ ಸೇರಿದ್ದ ಕೋವಿ ಕತ್ತಿಗಳನ್ನು ಹೊರಗೆ ತೆಗೆದು, ಮಳೆಯಲ್ಲಿಯೇ ಅರಳುವ ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸುವರು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ, ಮಳೆ ಹಿಂದೆಗೆದು ಪೈರು ಬಲಿತ ಮೇಲೆ ನವೆಂಬರ್ ಇಲ್ಲವೆ ಡಿಸೆಂಬರಿನಲ್ಲಿ ಹುತ್ತರಿಯ ಹೊಸ ಕದಿರು. ಹೀಗೆ ಕೊಡಗಿನ ಹಬ್ಬಗಳ ಸಾಲನ್ನು ಹಿಡಿದು ನಡೆದರೆ ಮಳೆಯ ಬರವು, ನಿಲವು, ನಿರ್ಗಮನಗಳ ದಾರಿಯಲ್ಲಿಯೇ ನಡೆದಂತಾಗುವದು.

೩. ಮಳೆಯು ಹಿಮ್ಮೆಟ್ಟಿಸಿದ ಸೈನ್ಯಗಳು

ಚರಿತ್ರೆಯ ಪುಸ್ತಕಗಳಲ್ಲಿ ಅರಸರ ಹೆಸರುಗಳೂ ಸೇನಾಪತಿಗಳ ಹೆಸರುಗಳೂ ಇರುವವು. ಮಳೆಯ ಹೆಸರು ಬಹಳ ಅಪರೂಪ. ಆದರೂ ೧೭೯೧ರ ಮೇ ತಿಂಗಳ ಸಂಗತಿಯನ್ನು ಮಳೆಯಿಲ್ಲದೆ ಹೇಳಲಾಗದು. ಟೀಪು ಸುಲ್ತಾನನ ಮೇಲೆ ದಂಡೆತ್ತಿದ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದನು. ಇತ್ತ ಮಲಬಾರಿನಿಂದ ಜನರಲ್ ಅಬರ್‌ಕ್ರಾಂಬಿಯ ದಂಡು, ಕೊಡಗಿನ ಅರಸನಾದ ದೊಡ್ಡ ವೀರರಾಜೇಂದ್ರನ ಸಹಾಯದಿಂದ ಘಟ್ಟವನ್ನು ಹತ್ತಿ ಕೊಡಗನ್ನು ದಾಟಿ ಪಿರಿಯಾಪಟ್ಟಣದ ಕಡೆಗೆ ಸಾಗಿತ್ತು. ಎರಡು ಸೈನ್ಯಗಳು ಕೂಡಿಕೊಳ್ಳಬೇಕಷ್ಟೇ.

ಆದರೆ ಮಳೆಯು ತಡೆಯಲಿಲ್ಲ. ಕಾವೇರಿಯು ಉಕ್ಕಿ ಹರಿಯಿತು; ಮೇವಿಲ್ಲದೆ, ರೋಗದಿಂದ, ಬಂಡಿಯ ಎತ್ತುಗಳು ಗುಂಪುಗುಂಪಾಗಿ ಸತ್ತವು. ಅರಕೆರೆಯ ಬಳಿಯ ಕಾಳಗದಲ್ಲಿ ಮೇಲುಗೈಯಾದ ಮೇಲೆಯೂ ಕಾರ್ನ್‌ವಾಲಿಸನು ಕೋಟೆಯನ್ನು ಮುತ್ತಲಾರದೆ, ಎಳೆಯುವ ಎತ್ತುಗಳಿಲ್ಲದ ತನ್ನ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆಸಿ ಹಿಂದಿರುಗಿದನು. ಅಬರ್‌ಕ್ರಾಂಬಿಯ ದಂಡೂ ಸುರಿಯುವ ಮಳೆಯಲ್ಲಿ ಕೊಡಗಿನ ಕಾಡುಗಳ ಮೂಲಕ ಹಿಮ್ಮೆಟ್ಟಬೇಕಾಯಿತು. ಮುಂದಿನ ಸಾರಿ ಅವರು ಮಳೆಗಾಲವು ಕಳೆಯುವ ವರೆಗೆ ಕಾದು, ೧೭೯೨ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದರು. ಮಾರ್ಚಿಯಲ್ಲಿ ಕರಾರು ಮುಗಿಯಿತು. ವೀರರಾಜೇಂದ್ರನು ಅಬರ್‌ಕ್ರಾಂಬಿಯನ್ನು ಕಂಡ ನೆನಪಿಗಾಗಿ ೧೭೯೨ರಲ್ಲಿ ಕಟ್ಟಿಸಿದ ಪೇಟೆಯೇ ವೀರರಾಜಪೇಟೆ. ೧೮೩೪ರಲ್ಲಿ ಇಂಗ್ಲಿಷರು ಕೊಡಗಿನ ಕಡೆಯ ಅರಸನ ಮೇಲೆ ದಂಡೆತ್ತಿ ಬಂದದ್ದೂ ಏಪ್ರಿಲ್ ತಿಂಗಳಲ್ಲಿ, ಮಳೆಗೆ ಮುಂಚೆ. ಪಾಠವನ್ನು ಅವರು ಕಲಿತುಕೊಂಡಿದ್ದರು.

ಫಿರಂಗಿಗಳನ್ನು ಒಡೆಸಿದ ಅದೇ ಕನ್ನಂಬಾಡಿಯಲ್ಲಿ ಮುಂದೆ ೧೯೧೧ರಲ್ಲಿ ಅಣೆಕಟ್ಟಿನ ಕೆಲಸವು ಆರಂಭವಾಯಿತು. ಸೈನ್ಯವನ್ನು ಹಿಮ್ಮೆಟ್ಟಿಸಿದ ಕೊಡಗಿನ ನೀರು ಅಲ್ಲಿ ಕೂಡಿ ಮಂಡ್ಯದ ಗದ್ದೆಗಳಿಗೆ ಹರಿಯುವದು. ಬೆಂಗಳೂರಿನ ಕೊಳಾಯಿಗಳಿಗೂ ಕಾವೇರಿಯೇ ಆಧಾರ. ತಲಕಾವೇರಿಯಲ್ಲಿ ಮಳೆ ತಪ್ಪಿದರೆ ದೂರದ ತಂಜಾವೂರಿನ ರೈತನೂ ಚಿಂತಿಸುವನು.

೪. ಕಾಫಿಯ ತೋಟವು ಕಲಿಸಿದ ಪಾಠ

೧೮೫೪ರಲ್ಲಿ ಫೌಲರ್ ಎಂಬ ಇಂಗ್ಲಿಷನು ಮಡಿಕೇರಿಯ ಬಳಿ ಕಾಫಿ ತೋಟವನ್ನು ಹಾಕಿದನು. ಅವನ ಹಿಂದೆ ಅನೇಕರು ಬಂದು ಕಾಡುಗಳನ್ನು ಕಡಿದರು. ಸಿಂಹಳ ದ್ವೀಪದ ರೀತಿಯನ್ನು ಅನುಸರಿಸಿ ಕೆಲವರು ನೆರಳಿನ ಒಂದು ಮರವನ್ನೂ ಉಳಿಸದೆ ಗುಡ್ಡಗಳನ್ನು ಬೋಳಿಸಿ ಗಿಡ ನೆಟ್ಟರು. ಮೊದಲ ಬೆಳೆಗಳು ಚೆನ್ನಾಗಿಯೇ ಬಂದವು. ಆದರೆ ಸಿಂಹಳದ ಹವಾಗುಣವು ಬೇರೆ, ಕೊಡಗಿನ ಹವಾಗುಣವು ಬೇರೆ. ಮುಖ್ಯವಾಗಿ ಮೂಡಣ ಭಾಗದ ಬಿದಿರುಸೀಮೆಯಲ್ಲಿ ಒಣದಿನಗಳು ಬಹಳ. ೧೮೬೫ ಮತ್ತು ೧೮೬೬ರಲ್ಲಿ ಮಳೆ ಕಡಿಮೆಯಾದಾಗ, ಬಿಸಿಲಿಗೆ ಬಿದ್ದ ಗಿಡಗಳ ತೊಗಟೆಯ ಬಿರುಕುಗಳಲ್ಲಿ ದುಂಬಿಯು ಮೊಟ್ಟೆಯಿಟ್ಟು, ಅದರ ಮರಿಹುಳವು ಕಾಂಡವನ್ನು ಕೊರೆದು ತಿಂದಿತು. ಎಕರೆಗಟ್ಟಲೆ ತೋಟಗಳು ಒಣಗಿ ನಿಂತವು. ಎಷ್ಟೋ ಮಂದಿ ತೋಟಗಳನ್ನೇ ಬಿಟ್ಟು ಹೋದರು.

ಮದ್ರಾಸು ಸರಕಾರದವರು ಈ ಕಾಂಡಕೊರಕ ಹುಳುವಿನ ವಿಚಾರಣೆಗಾಗಿ ಡಾಕ್ಟರ್ ಬಿಡೀ ಎಂಬವರನ್ನು ನೇಮಿಸಿದರು. ಅವರು ತೋಟತೋಟಗಳನ್ನು ನೋಡಿ, ನೆರಳಿದ್ದಲ್ಲಿ ಹುಳುವಿನ ಹಾವಳಿ ಕಡಿಮೆಯೆಂದು ಕಂಡು, ನೆರಳಿನ ಮರಗಳನ್ನು ಬೆಳಿಸಬೇಕೆಂದು ಸಲಹೆ ಕೊಟ್ಟರು. ಇಂದು ನಾವು ಕಾಣುವ ಕೊಡಗಿನ ತೋಟ, ಅಂದರೆ ಅತ್ತಿ, ಬಸರಿ, ಹಲಸು, ಹಾಲುವಾಣಗಳ ಕೆಳಗೆ ಕಾಫಿಯೂ ಮರಗಳ ಮೈಮೇಲೆ ಮೆಣಸಿನ ಬಳ್ಳಿಯೂ ಬೆಳೆಯುವ ತೋಟವು, ಆ ನಷ್ಟದಿಂದ ಕಲಿತ ವಿದ್ಯೆಯ ಫಲವೆನ್ನಬಹುದು. ಹವಾಗುಣಕ್ಕೆ ವಿರೋಧವಾಗಿ ನಡೆದವನು ಸೋತನು. ಅದರ ಸಂಗಡ ನಡೆದವನು ಉಳಿದನು.

ಕಾಫಿಯ ಬೆಳೆಗಾರನಿಗೆ ಮಳೆಯ ಪ್ರಮಾಣಕ್ಕಿಂತಲೂ ಅದರ ಹೊತ್ತು ಮುಖ್ಯ. ಮಾರ್ಚಿ ಏಪ್ರಿಲ್ ತಿಂಗಳಲ್ಲಿ ಒಂದಂಗುಲದಷ್ಟು ಹೂಮಳೆ ಬಿದ್ದರೆ ಸುಮಾರು ೮–೧೦ ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳುವದು. ಅದರ ಬೆನ್ನಿಗೆ ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲದು. ಹೂವರಳಿದ ದಿನವೇ ಜೋರುಮಳೆ ಹೊಡೆದರೂ ನಷ್ಟ. ಡಿಸೆಂಬರ್ ಜನವರಿಯಲ್ಲಿ ಹಣ್ಣನ್ನು ಕೊಯ್ದು ಕಣದಲ್ಲಿ ಹರವಿದಾಗ ಅಕಾಲಮಳೆ ಬಂದರೆ ವರ್ಷದ ದುಡಿಮೆ ಬೂಷ್ಟಾಗುವದು. ಇತ್ತೀಚಿನ ವರ್ಷಗಳಲ್ಲಿ ಈ ಕಷ್ಟವನ್ನು ಬೆಳೆಗಾರರು ಮೇಲಿಂದ ಮೇಲೆ ಅನುಭವಿಸಿದ್ದಾರೆ. ಆದುದರಿಂದಲೇ ತೋಟಗಳಲ್ಲಿ ಮಳೆ ಅಳೆಯುವ ಪಾತ್ರೆಯೊಂದನ್ನು ಇಟ್ಟು, ದಿನದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವ ಪದ್ಧತಿಯುಂಟು. ಇಬ್ಬರು ಕೊಡಗಿನವರು ಮಳೆಗಾಲದಲ್ಲಿ ಎದುರಾದರೆ ಕ್ಷೇಮಸಮಾಚಾರದ ಹಿಂದೆಯೇ "ನಿಮ್ಮಲ್ಲಿ ಎಷ್ಟು ಇಂಚು?" ಎಂಬ ಪ್ರಶ್ನೆ ಬರುವದು ನಿಮಗೆ ತಿಳಿದದ್ದೇ.

೫. ಮಳೆಯು ಕೇಡಾದ ದಿನಗಳು

ಇನ್ನು ಗಾದೆಯ ಕಡೆಗೆ ಹಿಂತಿರುಗೋಣ. ಒಂದೆಕರೆ ನೆಲದ ಮೇಲೆ ಒಂದಂಗುಲ ಮಳೆ ಬಿದ್ದರೆ ನೀರೆಷ್ಟು? ಲೆಕ್ಕ ಮಾಡಿರಿ. ಒಂದು ಲಕ್ಷದ ಎರಡು ಸಾವಿರ ಲೀಟರಿಗೂ ಮೇಲೆ. ತೂಕದಲ್ಲಿ ೧೦೨ ಟನ್ನಿಗೂ ಹೆಚ್ಚು. ಒಂದೇ ದಿನದಲ್ಲಿ ಹತ್ತಂಗುಲ ಸುರಿದರೆ ಆ ಒಂದೆಕರೆಯ ಮೇಲೆ ಸಾವಿರ ಟನ್ನಿಗೂ ಮಿಕ್ಕಿದ ಭಾರವು ಬಂದಂತಾಯಿತು. ಬಯಲಿನಲ್ಲಿ ಅದು ಹರಡಿಕೊಂಡು ಹರಿಯುವದು. ಕಡಿದಾದ ಗುಡ್ಡದ ಮೇಲೆ ಅದರ ಒಂದು ಪಾಲು ತೋಡಿಗೆ ಇಳಿಯುವದು. ಉಳಿದದ್ದು ಮಣ್ಣಿನೊಳಗೆ ಇಂಗಿ, ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸಿ, ಅಡಿಯ ಬಂಡೆಯ ಮೇಲಿಂದ ಮಣ್ಣು ಜಾರುವಂತೆ ಮಾಡುವದು.

೨೦೧೮ರ ಆಗಸ್ಟ್ ತಿಂಗಳ ನಡುವಿನಲ್ಲಿ ನಡೆದದ್ದು ಇದೇ. ಹಿಂದಿನ ಎರಡು ತಿಂಗಳ ಮಳೆಯಿಂದ ನೆನೆದು ಭಾರವಾಗಿದ್ದ ಗುಡ್ಡಗಳ ಮೇಲೆ ಹಗಲಿರುಳೆನ್ನದೆ ಮಳೆ ಸುರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಕಾಲೂರು, ಜೋಡುಪಾಲ ಮುಂತಾದ ಊರುಗಳಲ್ಲಿ ಗುಡ್ಡಗಳು ಮನೆ, ತೋಟ, ಗದ್ದೆಗಳ ಸಮೇತ ಜರಿದವು. ಸುಮಾರು ೨೦ ಮಂದಿ ಪ್ರಾಣ ಕಳಕೊಂಡರು. ಸಾವಿರಾರು ಜನರು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯು ಕೊಚ್ಚಿಹೋಗಿ ತಿಂಗಳುಗಟ್ಟಲೆ ಸಂಚಾರವಿಲ್ಲವಾಯಿತು. ೨೦೧೯ರ ಆಗಸ್ಟಿನಲ್ಲಿ ವೀರಾಜಪೇಟೆ ತಾಲೂಕಿನ ತೋರದಲ್ಲಿಯೂ, ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟದಲ್ಲಿಯೂ ಗುಡ್ಡ ಜರಿದು ಮನೆಮಂದಿಯೇ ಮಣ್ಣಿನಡಿಯಲ್ಲಿ ಸಿಕ್ಕಿಕೊಂಡರು.

ಇದೆಲ್ಲ ಮಳೆಯ ತಪ್ಪೇ? ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ೨೦೧೮ರ ಕುಸಿತಗಳನ್ನು ಪರಿಶೀಲಿಸಿ, ಅತಿಯಾದ ಮಳೆಯ ಸಂಗಡ ಮನುಷ್ಯರು ಮನೆಗೂ ರಸ್ತೆಗೂ ಇಳಿಜಾರುಗಳನ್ನು ಕಡಿದು ಬದಲಾಯಿಸಿದ್ದೂ ಕಾರಣವೆಂದು ತಿಳಿಸಿದರು. ಗುಡ್ಡದ ಪಾದವನ್ನು ಯಂತ್ರದಿಂದ ಕೆತ್ತಿ ನೆಟ್ಟಗೆ ನಿಲ್ಲಿಸಿದ ಬರೆಯು, ಕೆಳಗಿನ ಮೆಟ್ಟಿಲನ್ನು ಕಳಚಿದ ಏಣಿಯಂತೆ. ನೀರು ಹೊರಗೆ ಹೋಗುವ ದಾರಿಯನ್ನು ಮುಚ್ಚಿದರೆ ಅದು ಒಳಗಿನಿಂದ ದಾರಿ ಮಾಡಿಕೊಳ್ಳುವದು. ಮರಗಳನ್ನು ಕಡಿದರೆ ಬೇರುಗಳು ಕೆಲವು ವರ್ಷಗಳಲ್ಲಿ ಕೊಳೆತು ಮಣ್ಣಿನ ಕಟ್ಟು ಬಿಚ್ಚಿಹೋಗುವದು. ಮಳೆನೀರಿಗೆ ತಂಗುದಾಣವಾಗಿದ್ದ ಗದ್ದೆಗಳು ಪಾಳುಬಿದ್ದು ಇಲ್ಲವೆ ಮಣ್ಣು ತುಂಬಿ ನಿವೇಶನಗಳಾದರೆ ನೀರು ಒಂದೇ ಓಟದಲ್ಲಿ ಕೆಳಗಿಳಿಯುವದು. ಮಳೆಗಾಲದಲ್ಲಿ ನೆರೆಗೆ ಅಂಜುವ ಊರಿನಲ್ಲಿಯೇ ಮಾರ್ಚಿ ತಿಂಗಳಲ್ಲಿ ಒರತೆ ಬತ್ತಿ ನೀರಿಗೆ ಅಲೆಯುವ ವಿಚಿತ್ರಕ್ಕೂ ಇದೇ ಒಂದು ಕಾರಣ.

ಭೂಮಿಯ ಹವೆಯು ಬಿಸಿಯಾಗುತ್ತಿರುವದೂ ಈಗ ಸಂಶಯವಿಲ್ಲದ ಸಂಗತಿ. ಬಿಸಿಗಾಳಿಯು ತಣ್ಣನೆಯ ಗಾಳಿಗಿಂತ ಹೆಚ್ಚು ನೀರಾವಿಯನ್ನು ಹೊರುವದು, ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ನೂರಕ್ಕೆ ೭ರಷ್ಟು. ಹಾಗಾಗಿ ತಿಂಗಳಿನಲ್ಲಿ ಸಾವಕಾಶವಾಗಿ ಬರಬೇಕಾದ ಮಳೆಯು ಕೆಲವೇ ದಿನಗಳಲ್ಲಿ ಒಟ್ಟಾಗಿ ಬೀಳುವ ಭಯ ಹೆಚ್ಚಿರುವದು. ನಮ್ಮ ಹಿರಿಯರ ಲೆಕ್ಕವೊಂದೇ ಇನ್ನು ಸಾಲದು. ನಾವೂ ಹೊಸದಾಗಿ ಅಳೆಯಬೇಕು.

೬. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಪಾಠವು ಓದಿ ಮುಚ್ಚಿಡುವದಕ್ಕಲ್ಲವಾದುದರಿಂದ ಎರಡು ಅಭ್ಯಾಸಗಳನ್ನು ಸೂಚಿಸುವೆನು.

ಮೊದಲನೆಯದು, ನಿಮ್ಮ ಮಗಳ ಕೈಯಲ್ಲಿ ಒಂದು ಮಳೆಪುಸ್ತಕವನ್ನು ಕೊಡಿರಿ. ನೆಟ್ಟಗಿನ ಗೋಡೆಯೂ ಸಮತಟ್ಟಾದ ತಳವೂ ಉಳ್ಳ ಒಂದು ಡಬ್ಬಿಯನ್ನು ಮರದ ಹನಿ ತಾಗದ ಬಯಲಿನಲ್ಲಿಟ್ಟು, ದಿನಾಲು ಬೆಳಿಗ್ಗೆ ಅದೇ ಹೊತ್ತಿಗೆ ಅಳೆದು ಬರೆಯಲಿ. ಒಂದು ವರ್ಷದ ಪುಸ್ತಕವು ಆಟದ ವಸ್ತು. ಹತ್ತು ವರ್ಷದ ಪುಸ್ತಕವು ಮನೆಗೆ ಬುದ್ಧಿ ಹೇಳುವ ಹಿರಿಯ.

ಎರಡನೆಯದು, ಗುಡ್ಡವು ಜರಿಯುವ ಮುಂಚೆ ತೋರುವ ಗುರುತುಗಳನ್ನು ಮನೆಯವರೆಲ್ಲರೂ ಕಲಿಯಿರಿ. ನೆಲದಲ್ಲಿ ಇಲ್ಲವೆ ಅಂಗಳದಲ್ಲಿ ಹೊಸ ಬಿರುಕು ಕಾಣುವದು. ನೆಟ್ಟಗಿದ್ದ ಮರವೋ ಕಂಬವೋ ಬೇಲಿಯೋ ವಾಲುವದು. ಬಾಗಿಲು ಕಿಟಕಿಗಳು ತಟ್ಟನೆ ಬಿಗಿಯಾಗುವದು. ಇಲ್ಲದ ಕಡೆಯಲ್ಲಿ ಒರತೆ ಏಳುವದು. ತಿಳಿಯಾಗಿದ್ದ ತೋಡು ಕೆಸರಾಗುವದು, ಇಲ್ಲವೆ ಮಳೆ ಸುರಿಯುತ್ತಿರುವಾಗಲೇ ಅದರ ನೀರು ಕಡಿಮೆಯಾಗುವದು. ಗುಡ್ಡದೊಳಗಿಂದ ಗುಡುಗಿನಂಥ ಸದ್ದು ಕೇಳುವದು. ಇವುಗಳಲ್ಲಿ ಒಂದು ಕಂಡರೂ ಪೆಟ್ಟಿಗೆ ಪಾತ್ರೆಗಳ ಚಿಂತೆ ಬಿಟ್ಟು, ತೋಡಿನ ದಾರಿಯನ್ನು ತಪ್ಪಿಸಿ, ಗಟ್ಟಿ ನೆಲಕ್ಕೆ ಹೋಗಿರಿ; ನೆರೆಯವರನ್ನೂ ಲೈನ್‌ಮನೆಗಳಲ್ಲಿರುವವರನ್ನೂ ಕೂಗಿ ಕರೆದುಕೊಂಡು ಹೋಗಿರಿ. ಮನೆ ಕಟ್ಟಿಸುವ ಯೋಚನೆಯುಳ್ಳವರು ಗುಡ್ಡವನ್ನು ಕೆತ್ತುವ ಮುಂಚೆ ನೀರು ಎಲ್ಲಿ ಹರಿಯುವದೆಂದು ಒಂದು ಮಳೆಗಾಲವೆಲ್ಲ ನಿಂತು ನೋಡಲಿ.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಕೆಲವರು ಈಗ ಮಳೆಯೇ ಅಪರೂಪವಾದ ದೂರದ ಪಟ್ಟಣಗಳಲ್ಲಿರಬಹುದು. ಅಲ್ಲಿ ಜೂನ್ ತಿಂಗಳ ಮೊದಲ ಹನಿ ಬಿದ್ದು ಮಣ್ಣಿನ ವಾಸನೆಯೆದ್ದಾಗ ನಿಮ್ಮ ಮನಸ್ಸು ಈ ಬೆಟ್ಟಗಳಿಗೆ ಹಾರುವದೆಂದು ಬಲ್ಲೆವು. ಗಾದೆಯನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಅದಕ್ಕೆ ಮಲೆಯ ನಾಡಿನ ಒಂದು ಮಾತನ್ನು ಸೇರಿಸಿದರೆ ಸಾಕು. ಮಳೆ ಬಂದರೆ ಕೇಡಲ್ಲ, ಅದಕ್ಕೆ ಹರಿಯುವ ದಾರಿಯನ್ನೂ ಇಂಗುವ ಜಾಗವನ್ನೂ ನಾವು ಬಿಟ್ಟಿದ್ದರೆ.